ಬಾರದ ರೋಗಕ್ಕೆ ಗಿರಾಕಿ ಎಲ್ಲಿ?

(ಕುಷ್ಟಗಿಯ ಕಾಲೇಜೊಂದರಲ್ಲಿ ಆಶಾ ಕಾರ್ಯಕರ್ತೆಯರು, ಬಿ.ಎ. ವಿದ್ಯಾರ್ಥಿಗಳು ಮತ್ತು ಸಂತೆಗೆಂದು ಬಂದು ಫ್ಯಾನಿನ ಗಾಳಿಗೆ ಒಳಗೆ ಕೂತ ಕೆಲವು ಹಿರಿಯರ ಮುಂದೆ ಆಡಿದ ಮಾತು. ಬರೆಯುವಾಗ ಅಂಕಿಗಳನ್ನು ಇನ್ನೊಮ್ಮೆ ನೋಡಿ ಸರಿಮಾಡಿದ್ದೇನೆ. ಉಳಿದದ್ದು ಆಡಿದ ಹಾಗೆಯೇ ಇದೆ.)

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ "ಸಾರ್ವಜನಿಕ ಆರೋಗ್ಯದ ಅರ್ಥಶಾಸ್ತ್ರ: ಒಂದು ಅಂತರರಾಷ್ಟ್ರೀಯ ನೋಟ" ಎಂದು ಅಚ್ಚಾಗಿದೆ. ಅಷ್ಟು ಓದುವುದರೊಳಗೆ ಹಿಂದಿನ ಸಾಲಿನವರಿಗೆ ಆಕಳಿಕೆ ಬಂದದ್ದನ್ನು ನಾನೂ ನೋಡಿದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಇರುವ ಜಿನೀವಾದಿಂದ ಬೇಡ, ನಮ್ಮ ಅಜ್ಜನ ಎಡಗಾಲಿನಿಂದ ಶುರು ಮಾಡುತ್ತೇನೆ.

ನನಗೆ ಆಗ ಏಳೆಂಟು ವರ್ಷ. ಬೇಸಿಗೆ. ಅಜ್ಜನ ಮೀನಖಂಡದ ಕೆಳಗೆ ಒಂದು ಬೊಕ್ಕೆ ಎದ್ದು ಉರಿಯೋ ಉರಿ. ಮೂರು ದಿನಕ್ಕೆ ಒಡೆಯಿತು. ಒಳಗಿಂದ ಶಾವಿಗೆ ಎಳೆಯಂಥ ಬಿಳಿ ತುದಿಯೊಂದು ಹೊರಗೆ ಇಣುಕಿತು. ಅಜ್ಜಿ ಒಂದು ಬೆಂಕಿಕಡ್ಡಿಗೆ ಆ ತುದಿಯನ್ನು ಸುತ್ತಿ, ಮೆಲ್ಲಗೆ ಒಂದು ಸುತ್ತು ತಿರುವಿ, ಮೇಲೆ ಅರಿವೆ ಕಟ್ಟಿದಳು. ಮರುದಿನ ಮತ್ತೊಂದು ಸುತ್ತು. ದಿನಕ್ಕೆ ಎರಡು ಬೆರಳಿನಷ್ಟು ಬಂದರೆ ಪುಣ್ಯ. ಅವಸರ ಮಾಡಿ ಎಳೆದರೆ ಹುಳ ತುಂಡಾಗಿ ಒಳಗೇ ಉಳಿದು ಕಾಲು ಬಾತು ಕೀವಾಗುತ್ತದೆ. ಆ ಹುಳ ಪೂರ್ತಿ ಬಂದರೆ ಒಂದು ಮೀಟರಿನ ಹತ್ತಿರ. ಕಂದೀಲು ಹಿಡಿಯುವ ಕೆಲಸ ನನ್ನದು. ಕಡ್ಡಿ ತಿರುವುವಾಗ ಅಜ್ಜ ಬಾಯೊಳಗೆ ಟವೆಲು ಕಚ್ಚಿಕೊಳ್ಳುತ್ತಿದ್ದ. ಒದರಿದರೆ ಓಣಿಯ ಹುಡುಗರು ನಗುತ್ತಾರೆಂದು.

ನಾರು ಹುಣ್ಣು. ಇಲ್ಲಿ ಅರವತ್ತು ದಾಟಿದವರು ತಲೆಯಾಡಿಸುತ್ತಿದ್ದೀರಿ. ಹಿಂದೆ ಕೂತ ಹುಡುಗರಿಗೆ ಹೆಸರೇ ಗೊತ್ತಿಲ್ಲ. ಇವತ್ತಿನ ನನ್ನ ಮಾತು ಪೂರ್ತಿ ಇರುವುದು ಆ ಗೊತ್ತಿಲ್ಲದಿರುವುದರ ಬಗ್ಗೆಯೇ.

ಅಜ್ಜ ಸಾಯಲಿಲ್ಲ. ನಾರು ಹುಣ್ಣಿಗೆ ಸಾಯುವವರು ಬಹಳ ಕಡಿಮೆ. ಆದರೆ ರೋಹಿಣಿ ಮಳೆ ಬಿದ್ದಾಗ ಅವನು ಹೊರಸಿನ ಮೇಲೆ. ಮನೆಯಲ್ಲಿ ಎರಡು ಎತ್ತು, ಹೊಲ ಹದ, ಬೀಜ ಮನೆಯಲ್ಲೇ ಇದೆ, ಕೂರಿಗೆ ಹಿಡಿಯುವ ಕಾಲು ಮಾತ್ರ ಇಲ್ಲ. ಬೇರೆಯವರು ತಮ್ಮ ಬಿತ್ತಿಗೆ ಮುಗಿಸಿ ನಮ್ಮ ಹೊಲಕ್ಕೆ ಬರುವಷ್ಟರಲ್ಲಿ ಹದ ಆರಿತ್ತು. ಆ ವರ್ಷ ಜೋಳ ಕೊಂಡು ಉಂಡೆವು. ಆಸ್ಪತ್ರೆಯ ಬಿಲ್ಲು ಒಂದು ಪೈಸೆಯೂ ಇಲ್ಲ, ನಷ್ಟ ಮಾತ್ರ ಒಂದು ಸುಗ್ಗಿ. ಇದನ್ನು ಸರ್ಕಾರದ ಯಾವ ಪುಸ್ತಕದಲ್ಲಿ ಬರೆಯುತ್ತಾರೆ? ಸತ್ತವರ ಪಟ್ಟಿಯಲ್ಲಿ ಬರುವುದಿಲ್ಲ, ಖರ್ಚಿನ ಪಟ್ಟಿಯಲ್ಲೂ ಬರುವುದಿಲ್ಲ. ಸಾವನ್ನು ಮಾತ್ರ ಎಣಿಸಿದರೆ ಇಂಥ ರೋಗ ಕಣ್ಣಿಗೆ ಬೀಳುವುದಿಲ್ಲ ಎಂದು ಹೊಳೆದು, ನರಳಿದ ವರ್ಷಗಳನ್ನೂ ಸೇರಿಸಿ ಲೆಕ್ಕ ಹಾಕುವ ಅಳತೆಯೊಂದನ್ನು ವಿಶ್ವಬ್ಯಾಂಕ್ ತನ್ನ 1993ರ ವರದಿಯಲ್ಲಿ ಜಗತ್ತಿನ ಮುಂದಿಟ್ಟಿತು. ಅಲ್ಲಿಯವರೆಗೆ ಅಜ್ಜನ ಕಾಲು ಲೆಕ್ಕಕ್ಕೇ ಇರಲಿಲ್ಲ.

ಈಗ ಸ್ವಲ್ಪ ದೂರ ಹೋಗೋಣ. ನೈಜೀರಿಯಾದ ಆಗ್ನೇಯ ಭಾಗದಲ್ಲಿ, ನಮ್ಮ ಸಿಂಧನೂರು ಗಂಗಾವತಿಯ ಹಾಗೆ, ನೆಲ್ಲು ಬೆಳೆಯುವ ಸೀಮೆಯೊಂದಿದೆ. 1987ರಲ್ಲಿ ಯುನಿಸೆಫ್ ಅಲ್ಲಿ ಒಂದು ಲೆಕ್ಕ ತೆಗೆಯಿತು. ಇದೇ ನಾರು ಹುಣ್ಣಿನಿಂದ ಆ ಭತ್ತದ ರೈತರು ವರ್ಷಕ್ಕೆ ಕಳೆದುಕೊಳ್ಳುತ್ತಿದ್ದ ಲಾಭ ಸುಮಾರು 2 ಕೋಟಿ ಡಾಲರ್. ಮಾಲಿ ದೇಶದ ಡೋಗನ್ ಜನ ಈ ರೋಗವನ್ನು ಕರೆಯುವುದೇ "ಬರಿದಾದ ಕಣಜದ ರೋಗ" ಎಂದು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೆ ಇದಕ್ಕಿಂತ ಒಳ್ಳೆಯ ಹೆಸರು ಇಡಲಿಕ್ಕೆ ಬರುತ್ತಿರಲಿಲ್ಲ.

ಈ ರೋಗಕ್ಕೆ ಔಷಧಿ ಇಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಲಸಿಕೆಯೂ ಇಲ್ಲ. ಹುಳ ಇರುವ ಕಾಲನ್ನು ಮೆಟ್ಟಿಲು ಬಾವಿಯ ನೀರಲ್ಲಿ ಇಳಿಬಿಟ್ಟರೆ ಅದು ಮರಿಗಳನ್ನು ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಸಾಸಿವೆಗಿಂತ ಸಣ್ಣ ನೀರಹುಳ ಅವನ್ನು ನುಂಗುತ್ತದೆ. ಆ ನೀರು ಕುಡಿದವರ ಕಾಲಲ್ಲಿ ಸುಮಾರು ಒಂದು ವರ್ಷದ ಮೇಲೆ ಅದು ಬೊಕ್ಕೆಯಾಗಿ ಏಳುತ್ತದೆ. ಅಂದಮೇಲೆ ಮಾಡಬೇಕಾದದ್ದು ಮೂರ್ನಾಲ್ಕು ಕೆಲಸ: ನೀರನ್ನು ದಟ್ಟ ಅರಿವೆಯಲ್ಲಿ ಸೋಸುವುದು, ಬಾವಿಗೆ ಔಷಧಿ ಬಿಡುವುದು, ಮೆಟ್ಟಿಲು ಮುಚ್ಚಿ ಸೇದುಬಾವಿ ಮಾಡುವುದು, ಇಲ್ಲವೇ ಬೋರ್‌ವೆಲ್ ಕೊರೆದು ಕೈಪಂಪು ಹಾಕುವುದು.

ನಮ್ಮ ದೇಶದಲ್ಲಿ ಇದರ ಕಾರ್ಯಕ್ರಮ 1983-84ರಲ್ಲಿ ಶುರುವಾಯಿತು. 1984ರಲ್ಲಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಆ ಏಳರಲ್ಲಿ ನಮ್ಮ ರಾಜ್ಯವೂ ಒಂದು. ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತಕ್ಕೆ ಈ ರೋಗದಿಂದ ಮುಕ್ತಿ ಸಿಕ್ಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಜಗತ್ತಿನ ಲೆಕ್ಕ ತೆಗೆದುಕೊಂಡರೆ 1986ರಲ್ಲಿ ಅಂದಾಜು 35 ಲಕ್ಷ ಜನರಿಗೆ ಇದ್ದದ್ದು 2023ರಲ್ಲಿ 14 ಜನಕ್ಕೆ ಇಳಿದಿತ್ತು. ಲಕ್ಷವೂ ಅಲ್ಲ, ಸಾವಿರವೂ ಅಲ್ಲ, ಬರೀ ಹದಿನಾಲ್ಕು ಮಂದಿ. ಈ ಕೆಲಸಕ್ಕೆ ಹಾಕಿದ ದುಡ್ಡು ವರ್ಷಕ್ಕೆ ಶೇ. 29ರಷ್ಟು ಗಿಟ್ಟುತ್ತದೆ ಎಂದು 1997ರಲ್ಲಿ ವಿಶ್ವಬ್ಯಾಂಕಿಗಾಗಿ ಲೆಕ್ಕ ಹಾಕಿದವರಿದ್ದಾರೆ. ಯಾವ ಬ್ಯಾಂಕಿನ ಎಫ್‌ಡಿ ಶೇ. 29 ಕೊಡುತ್ತದೆ? ನಿಮ್ಮ ಸಂಘದ ಬಡ್ಡಿಯೂ ಅಷ್ಟಿಲ್ಲ.

ಇಷ್ಟು ಲಾಭದ ವ್ಯವಹಾರವಾದರೆ ಯಾಕೆ ಯಾವ ಸಾಹುಕಾರನೂ ಇದರಲ್ಲಿ ದುಡ್ಡು ಹಾಕಲಿಲ್ಲ? ಇದು ನಾನು ಮೂವತ್ತು ವರ್ಷ ತರಗತಿಯಲ್ಲಿ ಕೇಳಿದ ಪ್ರಶ್ನೆ. ಉತ್ತರ ಸರಳ. ಲಾಭ ಬಂದದ್ದು ಊರಿಗೆ, ಖರ್ಚು ಮಾಡಿದವನ ಗಲ್ಲೆಗೆ ಬರಲಿಲ್ಲ. ನಾರು ಹುಣ್ಣು ಬಾರದ ಸಾವಿರ ಜನ ಅಂಗಡಿಗೆ ಬಂದು "ನನಗೆ ರೋಗ ಬರಲಿಲ್ಲ, ತಗೋರಿ ನೂರು ರೂಪಾಯಿ" ಎನ್ನುವುದಿಲ್ಲ. ಬಂದ ರೋಗಕ್ಕೆ ಗಿರಾಕಿ ಇದ್ದಾನೆ. ಸ್ಟ್ರೆಚರ್ ಮೇಲೆ ಮಲಗಿರುತ್ತಾನೆ, ಅವನ ಮಗ ಕೌಂಟರಿನ ಮುಂದೆ ನಿಂತಿರುತ್ತಾನೆ. ಬಾರದ ರೋಗಕ್ಕೆ ಗಿರಾಕಿ ಎಲ್ಲಿ? ಅದಕ್ಕೆ ಓಟು ಕೂಡ ಬೀಳುವುದಿಲ್ಲ. ಆಸ್ಪತ್ರೆ ಕಟ್ಟಡಕ್ಕೆ ಅಡಿಗಲ್ಲು ಇಡಬಹುದು, ರಿಬ್ಬನ್ ಕತ್ತರಿಸಬಹುದು. ಸೋಸಿದ ನೀರಿಗೆ ರಿಬ್ಬನ್ ಎಲ್ಲಿ ಕಟ್ಟುತ್ತೀರಿ?

ಸಿಡುಬಿನ ಕಥೆಯೂ ಇದೇ ಜಾತಿಯದು, ಒಂದೇ ಮಾತಲ್ಲಿ ಹೇಳುತ್ತೇನೆ. ಅದು ಸಹಜವಾಗಿ ಹರಡಿದ ಕೊನೆಯ ರೋಗಿ 1977ರಲ್ಲಿ ಸೊಮಾಲಿಯಾದ ಮೆರ್ಕಾ ಊರಿನ ಒಬ್ಬ ಆಸ್ಪತ್ರೆ ಅಡುಗೆಯವ. ಆ ಒಬ್ಬನು ಗುಣವಾಗಿ, ಅವನಿಂದ ಯಾರಿಗೂ ಹರಡಲಿಲ್ಲ ಎಂದು ಖಚಿತವಾಗುವವರೆಗೆ ಅಮೆರಿಕದ ಸಾಹುಕಾರನಿಗೂ ಕುಷ್ಟಗಿಯ ಕೂಸಿಗೂ ಪೂರ್ತಿ ಅಭಯ ಇರಲಿಲ್ಲ. ದುಡ್ಡಿದ್ದವರು ತಮ್ಮ ಮನೆ ಸುತ್ತ ಗೋಡೆ ಕಟ್ಟಿಕೊಂಡು ಇದನ್ನು ಕೊಳ್ಳಲು ಬರುವುದಿಲ್ಲ. ಕೊಂಡರೆ ಎಲ್ಲರಿಗೂ ಸೇರಿಸಿಯೇ ಕೊಳ್ಳಬೇಕು.

ಸರಿ, ರೋಗ ಬಂದೇಬಿಟ್ಟಿತು ಎನ್ನೋಣ. ಆಗಲಾದರೂ ಸಂತೆಯ ನ್ಯಾಯ ನಡೆಯುತ್ತದೆಯೇ? ಕೆನೆತ್ ಆರೋ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1963ರಲ್ಲಿ ಒಂದು ಪ್ರಬಂಧ ಬರೆದು ಇಲ್ಲ ಎಂದ. ಮುಂದೆ 1972ರಲ್ಲಿ ಆತನಿಗೆ ನೊಬೆಲ್ ಬಂತು. ಆತ ಹೇಳಿದ್ದನ್ನು ನಮ್ಮ ದನದ ಸಂತೆಗೆ ತಂದು ಹೇಳುತ್ತೇನೆ. ನೀವು ಎತ್ತು ಕೊಳ್ಳಲು ಹೋಗುತ್ತೀರಿ. ಬಾಯಿ ತೆರೆದು ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಡೆಸಿ ನೋಡುತ್ತೀರಿ, ಟವೆಲಿನ ಕೆಳಗೆ ಬೆರಳು ಹಿಡಿದು ರೇಟು ಮಾಡುತ್ತೀರಿ, ಒಗ್ಗದಿದ್ದರೆ ಮುಂದಿನ ಸಂತೆಗೆ ನೋಡೋಣ ಎಂದು ಮನೆಗೆ ಬರುತ್ತೀರಿ. ಎದೆನೋವು ಬಂದವನು ಯಾವ ಹಲ್ಲು ನೋಡುತ್ತಾನೆ? ಯಾವ ಪರೀಕ್ಷೆ ಬೇಕು, ಎಷ್ಟು ದಿನ ಮಲಗಬೇಕು ಎಂದು ಹೇಳುವವರೂ ಅವರೇ, ಮಾರುವವರೂ ಅವರೇ. ಮುಂದಿನ ಸಂತೆ ಎಂಬುದಂತೂ ಇಲ್ಲವೇ ಇಲ್ಲ.

ನಮ್ಮ ಅಪ್ಪನಿಗೆ ಹಾಗೆ ಎದೆನೋವು ಬಂದಾಗ ದೊಡ್ಡ ಊರಿನ ಒಂದು ಆಸ್ಪತ್ರೆಗೆ ಒಯ್ದೆವು. ಊರು, ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ, ಬೇಕಾಗಿಲ್ಲ. ಐಸಿಯುದಲ್ಲಿ ಆರು ದಿನ. ಬಿಲ್ಲು ನಾಲ್ಕು ಹಾಳೆ. ಮೂರನೇ ಹಾಳೆಯಲ್ಲಿ "ಕನ್ಸ್ಯೂಮಬಲ್ಸ್" ಎಂಬ ಒಂದೇ ಪದದ ಮುಂದೆ ನನ್ನ ಎರಡು ತಿಂಗಳ ಸಂಬಳದಷ್ಟು ಮೊತ್ತ. ಅರ್ಥಶಾಸ್ತ್ರದ ಮೇಷ್ಟ್ರು ನಾನು. ಆ ಪದದ ಮೇಲೆ ಬೆರಳಿಟ್ಟು "ಇದರಲ್ಲಿ ಏನೇನು ಬಂತ್ರಿ?" ಎಂದು ಕೇಳಿದೆ. ಕೌಂಟರಿನ ಹುಡುಗ ತಲೆ ಎತ್ತದೆ, "ಅದು ಹಂಗ ಬರ್ತೈತ್ರಿ ಸರ್" ಎಂದ. ಡಾಕ್ಟರು ಒಳ್ಳೆಯವರೇ, ಅಪ್ಪ ಉಳಿದ. ಆರು ದಿನದಲ್ಲಿ ನಾಲ್ಕೇ ದಿನ ಸಾಕಿತ್ತೋ ಏನೋ ನನಗೆ ಇವತ್ತಿಗೂ ಗೊತ್ತಿಲ್ಲ. ಆರೋ ಹೇಳಿದ್ದು ಇದನ್ನೇ: ಕೊಳ್ಳುವವನಿಗೆ ಗೊತ್ತಾಗುವುದಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ರಸ್ತೆ ಪಕ್ಕದ ಒಂದು ಎಕರೆ ಹೋಯಿತು. ಅದನ್ನು ಕೊಂಡವರು ಈಗ ಅಲ್ಲಿ ಪೆಟ್ರೋಲ್ ಬಂಕ್ ಹಾಕಿದ್ದಾರೆ. ಅಲ್ಲೇ ಬೈಕಿಗೆ ಎಣ್ಣೆ ಹಾಕಿಸಿಕೊಂಡು ಬರುತ್ತೇನೆ.

ಹಾಗಾದರೆ ಬೇರೆ ದೇಶದವರು ಏನು ಮಾಡಿದರು? ಜರ್ಮನಿಯ ಬಿಸ್ಮಾರ್ಕ್ 1883ರಲ್ಲೇ ಕಾರ್ಮಿಕರ ಕಾಯಿಲೆಗೆ ವಿಮೆ ಕಡ್ಡಾಯ ಮಾಡಿದ. ಬಡವರ ಮೇಲಿನ ಮಮಕಾರಕ್ಕಲ್ಲ, ಸಮಾಜವಾದಿಗಳ ಗಾಳಿ ತೆಗೆಯಲಿಕ್ಕೆ. ಬ್ರಿಟನ್ ಯುದ್ಧದಲ್ಲಿ ಹಣ್ಣಾಗಿ, ಸಾಲದಲ್ಲಿ ಮುಳುಗಿ, ರೇಷನ್ ಕಾರ್ಡಿನ ಮೇಲೆ ಬದುಕುತ್ತಿದ್ದಾಗ 1948ರಲ್ಲಿ ತೆರಿಗೆ ದುಡ್ಡಿನಿಂದ ಎಲ್ಲರಿಗೂ ಉಚಿತ ಚಿಕಿತ್ಸೆ ಎಂದಿತು. ಜಪಾನ್ 1961ಕ್ಕೆ ಎಲ್ಲರನ್ನೂ ವಿಮೆಯೊಳಗೆ ತಂದಿತು. ಅಮೆರಿಕ ಮಾತ್ರ ಸಂತೆಯನ್ನೇ ಬಹುಮಟ್ಟಿಗೆ ನಂಬಿತು. ಇವತ್ತು ಅದು ತನ್ನ ಆದಾಯದ ಶೇ. 17ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಸುರಿಯುತ್ತದೆ. ಆಯಸ್ಸಿನಲ್ಲಿ ಜಪಾನ್, ಬ್ರಿಟನ್ ಎರಡಕ್ಕಿಂತಲೂ ಹಿಂದಿದೆ.

ಇವೆಲ್ಲ ಸಿರಿವಂತರ ಕಥೆ ಎನ್ನುತ್ತೀರಿ. ಅದಕ್ಕೇ ಥಾಯ್ಲೆಂಡಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಹಾಗೆ ಅನ್ನ ಉಣ್ಣುವ, ನೆಲ್ಲು ಬೆಳೆಯುವ ದೇಶ. 1997ರಲ್ಲಿ ಅಲ್ಲಿಯ ಬಾಟ್ ನಾಣ್ಯ ಕುಸಿದು ಇಡೀ ಏಷ್ಯಾ ನಡುಗಿತ್ತು. ಅದಾಗಿ ಐದು ವರ್ಷಕ್ಕೆ, ತಲಾ ಆದಾಯ ವರ್ಷಕ್ಕೆ 2000 ಡಾಲರಿನ ಆಸುಪಾಸು ಇರುವಾಗ, ಅವರು ಯಾವ ವಿಮೆಯೂ ಇಲ್ಲದ ರೈತ, ಕೂಲಿ, ಬೀದಿ ವ್ಯಾಪಾರಿಗಳನ್ನೆಲ್ಲ ಸೇರಿಸಿಕೊಂಡರು. ಒಂದು ಸಲ ಹೋದರೆ 30 ಬಾಟ್ ಕೊಡಬೇಕು. ಆಗಿನ ಲೆಕ್ಕಕ್ಕೆ ನಮ್ಮ ಮೂವತ್ತು ಮೂವತ್ತೈದು ರೂಪಾಯಿ. ನೆಗಡಿಯಾದರೂ ಅಷ್ಟೇ, ಆಪರೇಷನ್ ಆದರೂ ಅಷ್ಟೇ.

ಎಲ್ಲರೂ ಹೇಳುವುದು ಈ 30 ಬಾಟಿನ ಕಥೆ. ಅದರ ಹಿಂದಿನದನ್ನು ಹೇಳುವವರು ಕಡಿಮೆ. ಥಾಯ್ಲೆಂಡ್ 1980ರ ದಶಕದ ಮೊದಲಲ್ಲಿ ಒಂದು ಗಟ್ಟಿ ಕೆಲಸ ಮಾಡಿತು. ಐದು ವರ್ಷ ನಗರದ ದೊಡ್ಡ ಆಸ್ಪತ್ರೆಗಳಿಗೆ ಹೊಸ ಕಟ್ಟಡ ಬಂದ್ ಮಾಡಿ, ಆ ದುಡ್ಡನ್ನು ತಾಲೂಕು ಮಟ್ಟದ ಆಸ್ಪತ್ರೆಗಳಿಗೆ, ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ತಿರುಗಿಸಿತು. ಓದು ಮುಗಿಸಿದ ಡಾಕ್ಟರುಗಳು ಹಳ್ಳಿಕಡೆ ಸರ್ಕಾರಿ ಸೇವೆ ಮಾಡಲೇಬೇಕು ಎಂಬ ನಿಯಮ ಅದಕ್ಕೂ ಹಿಂದಿನದು. ಹಾಗಾಗಿ 2002ರಲ್ಲಿ ಚಿಕಿತ್ಸೆಯ ಕಾರ್ಡು ಕೈಗೆ ಬಂದಾಗ, ಕಾರ್ಡು ಹಿಡಿದುಕೊಂಡು ಹೋಗಲಿಕ್ಕೆ ಹತ್ತಿರದಲ್ಲೇ ಒಂದು ಬಾಗಿಲು ಇತ್ತು, ಬಾಗಿಲ ಒಳಗೆ ಡಾಕ್ಟರೂ ಇದ್ದರು. ನಾವು ಮೊದಲು ಕಾರ್ಡು ಹಂಚಿ ಆಮೇಲೆ ಬಾಗಿಲು ಹುಡುಕುವ ಪೈಕಿ. ಅಲ್ಲಿ ಈಗ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಕಿಸೆಯಿಂದ ಹೋಗುವುದು ಶೇ. 10ರ ಹತ್ತಿರ.

ನಮ್ಮಲ್ಲಿ? 2013-14ರಲ್ಲಿ ಶೇ. 64.2 ಇತ್ತು. 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ. ಇಳಿದದ್ದು ನಿಜ, ಅದನ್ನು ಒಪ್ಪಬೇಕು. ಆದರೂ ನೂರರಲ್ಲಿ ನಲವತ್ತು ರೂಪಾಯಿ ರೋಗಿಯೇ ಎಣಿಸುತ್ತಾನೆ. ಸರ್ಕಾರಗಳು, ಅಂದರೆ ಕೇಂದ್ರ ರಾಜ್ಯ ಎಲ್ಲ ಸೇರಿ, ಹಾಕಿದ್ದು ದೇಶದ ಆದಾಯದ ಶೇ. 1.84. ಅದೂ ಕೊರೊನಾ ಬಿಸಿ ಆರದ ವರ್ಷದಲ್ಲಿ. 2025ಕ್ಕೆ ಶೇ. 2.5 ಮುಟ್ಟಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದುಕೊಂಡಿತ್ತು.

ಇಲ್ಲಿ ನನ್ನ ವಾದಕ್ಕೇ ಅಡ್ಡ ಬರುವ ಒಂದು ವಿಷಯ ಹೇಳಬೇಕು, ಮುಚ್ಚಿಡುವುದು ಸರಿಯಲ್ಲ. ಬಾರದ ರೋಗ, ಬಾರದ ರೋಗ ಎನ್ನುತ್ತಿದ್ದೇನೆ. ಮಂಚದ ಮೇಲಿನ ಚಿಕಿತ್ಸೆಗೆ ಹಾಕಿದ ದುಡ್ಡು ದಂಡ ಎಂದು ಯಾರಾದರೂ ತಿಳಿದರೆ ತಪ್ಪು. ವಾಜಪೇಯಿ ಆರೋಗ್ಯಶ್ರೀ ನೆನಪಿದೆಯಲ್ಲ? 2010ರಲ್ಲಿ ಅದು ಮೊದಲು ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲಿ. ರಾಯಚೂರು, ಕೊಪ್ಪಳ, ಬಳ್ಳಾರಿ ಎಲ್ಲ ಅದರೊಳಗೆ. ಬಿಪಿಎಲ್ ಕುಟುಂಬಕ್ಕೆ ಹೃದಯ, ಕ್ಯಾನ್ಸರ್, ಕಿಡ್ನಿ, ಸುಟ್ಟ ಗಾಯ ಇಂಥ ದೊಡ್ಡ ಕಾಯಿಲೆಗೆ ಉಚಿತ ಚಿಕಿತ್ಸೆ. ಯೋಜನೆ ಉತ್ತರದ ಜಿಲ್ಲೆಗಳಿಗೆ ಬಂತು, ದಕ್ಷಿಣಕ್ಕೆ ಇನ್ನೂ ಬಂದಿರಲಿಲ್ಲ. ಸಂಶೋಧಕರಿಗೆ ಇದು ಹಬ್ಬ. ಗಡಿಯ ಆಚೆ ಈಚೆ ಒಂದೇ ಮಣ್ಣು, ಒಂದೇ ಮಾತು, ಒಂದೇ ಬಡತನ. ಒಂದು ಕಡೆ ಯೋಜನೆ ಇದೆ, ಇನ್ನೊಂದು ಕಡೆ ಇಲ್ಲ. 572 ಹಳ್ಳಿ ಸುತ್ತಿ ಲೆಕ್ಕ ತೆಗೆದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು ಯೋಜನೆ ಬಂದ ಕಡೆ ಶೇ. 64ರಷ್ಟು ಕಡಿಮೆ ಇತ್ತು. ದೊಡ್ಡ ಆಸ್ಪತ್ರೆಗೆ ಸೇರಿದವರು ಕೈಯಿಂದ ಹಾಕಿದ ದುಡ್ಡೂ ಮೂರರಲ್ಲಿ ಒಂದು ಭಾಗದಷ್ಟು ಇಳಿದಿತ್ತು. ಲಂಡನ್ನಿನಲ್ಲಿ ಓದುವವರು ನಮ್ಮ ಕಡೆಯ ಹಳ್ಳಿಗಳ ಮೇಲೆ ಪಾಠ ಕಲಿಯುತ್ತಿದ್ದಾರೆ, ನಮ್ಮ ಕಾಲೇಜುಗಳಲ್ಲಿ ಇದನ್ನು ಹೇಳುವವರಿಲ್ಲ. ನಾನೂ ನಿವೃತ್ತನಾದ ಮೇಲೆಯೇ ಓದಿದ್ದು.

ಅಂದರೆ ಕಾರ್ಡು ಜೀವ ಉಳಿಸುತ್ತದೆ. ಆದರೆ ಕಾರ್ಡು ಇರುವುದು ಮಂಚಕ್ಕೆ, ಗುಳಿಗೆಗಲ್ಲ. 2018ರ ಆಯುಷ್ಮಾನ್ ಭಾರತದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಎನ್ನುತ್ತಾರೆ. ಅಡ್ಮಿಟ್ ಆದರೆ ಮಾತ್ರ. ನಮ್ಮ ಜನರ ಕಿಸೆ ಹರಿಯುವುದೋ ಹೆಚ್ಚಾಗಿ ಔಷಧಿ ಅಂಗಡಿಯ ಮುಂದೆ. ಸಕ್ಕರೆ ಕಾಯಿಲೆಗೆ, ಬಿಪಿಗೆ ತಿಂಗಳಾ ಕೊಳ್ಳುವ ಗುಳಿಗೆಗೆ ಕಾರ್ಡು ಕೆಲಸಕ್ಕೆ ಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ, ಸ್ಟಾಕ್ ಇದ್ದ ದಿನ. ಇಲ್ಲದ ದಿನ ಬಿಪಿ ಇರುವ ಅಕ್ಕ ಏನು ಮಾಡುತ್ತಾಳೆ? ದಿನಾ ನುಂಗುವುದನ್ನು ದಿನ ಬಿಟ್ಟು ದಿನ ಮಾಡುತ್ತಾಳೆ. ಆಮೇಲೆ ಲಕ್ವ ಹೊಡೆದು ಒಂದು ಕೈ ಬಿದ್ದಾಗ, ಆಗ ಕಾರ್ಡು ಓಡಿ ಬರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೆ ಐದು ಲಕ್ಷ ಇದೆ, ದಿಡ್ಡಿ ಕಾಯುವವನ ಕೂಲಿಗೆ ಐವತ್ತು ರೂಪಾಯಿ ಇಲ್ಲ.

ಔಷಧಿ ಎಂದಾಗ ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಏಡ್ಸ್ ಗುಳಿಗೆಗಳಿಗೆ ಒಬ್ಬ ರೋಗಿಗೆ ವರ್ಷಕ್ಕೆ 10 ಸಾವಿರ ಡಾಲರಿಗೂ ಹೆಚ್ಚು ಎನ್ನುತ್ತಿದ್ದ ಕಾಲದಲ್ಲಿ, 2001ರಲ್ಲಿ ನಮ್ಮ ಸಿಪ್ಲಾ ಕಂಪನಿ ಅದೇ ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆ ಎಂದಿತು. ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. 1970ರ ನಮ್ಮ ಪೇಟೆಂಟ್ ಕಾಯಿದೆ ಔಷಧಿಯನ್ನು ಬೇರೆ ದಾರಿಯಲ್ಲಿ ತಯಾರಿಸಲು ಬಿಟ್ಟಿದ್ದರಿಂದ ಅದು ಆಯಿತು. ಆಫ್ರಿಕದಲ್ಲಿ ಎಷ್ಟೋ ಮನೆಗಳ ದೀಪ ಉಳಿಯಿತು. ಗುಳಿಗೆಯ ಬೆಲೆಗೂ ಅದನ್ನು ಮಾಡುವ ಖರ್ಚಿಗೂ ಎಷ್ಟು ದೂರ ಇರಬಹುದು ಎಂಬುದು ಜಗತ್ತಿಗೆ ಅವತ್ತು ಕಂಡಿತು.

ಈಗ ಐದು ರೂಪಾಯಿಯ ನಾಣ್ಯದ ವಿಷಯ. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಮಾತಾಡುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗಿಯರನ್ನು ಹೊರಗಿನವರು ನಾಚಿಕೆ ಎಂದುಕೊಳ್ಳುತ್ತಾರೆ. ಹಲ್ಲಿನ ಮೇಲಿನ ಕಂದು ಗೆರೆ ಕಾಣಬಾರದೆಂದು ಅದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವರ್ಷಾನುಗಟ್ಟಲೆ ದಾಟಿದರೆ ಹಲ್ಲಿನಿಂದ ಎಲುಬಿಗೆ ಇಳಿಯುತ್ತದೆ, ಸೊಂಟ ಬಾಗುತ್ತದೆ. ನಾರು ಹುಣ್ಣಿನ ಹಾಗೆಯೇ ಇದಕ್ಕೂ ಬಂದ ಮೇಲೆ ಔಷಧಿ ಇಲ್ಲ, ನೀರು ಬದಲಾಯಿಸುವುದೊಂದೇ. ವಿಚಿತ್ರ ನೋಡಿ, ಮೆಟ್ಟಿಲು ಬಾವಿಯ ಹುಳಕ್ಕೆ ಹೆದರಿ ಬೋರ್‌ವೆಲ್ ಕೊರೆದೆವು, ಬೋರ್‌ವೆಲ್ಲಿನಿಂದ ಫ್ಲೋರೈಡ್ ಬಂತು.

ಊರೂರಿಗೆ ಶುದ್ಧ ನೀರಿನ ಘಟಕ ಬಂದಿವೆ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. "ಐದು ರೂಪಾಯಿ ಯಾರಿಗೆ ಭಾರ? ಪುಕ್ಕಟೆ ಕೊಟ್ಟರೆ ಬೆಲೆ ಇರೋದಿಲ್ಲ" ಎಂದು ನನ್ನ ಗೆಳೆಯರೇ ವಾದ ಮಾಡುತ್ತಾರೆ. ಇದೇ ವಾದವನ್ನು ಕೀನ್ಯಾದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞೆಯರು ಪರೀಕ್ಷೆಗೆ ಹಚ್ಚಿದರು. ಬಸುರಿಯರಿಗೆ ಸೊಳ್ಳೆ ಪರದೆ. ಕೆಲವು ಆಸ್ಪತ್ರೆಯಲ್ಲಿ ಪುಕ್ಕಟೆ, ಕೆಲವು ಕಡೆ ಸಣ್ಣ ಸಣ್ಣ ದರ. ಸೊನ್ನೆಯಿಂದ ಸುಮಾರು ಅರ್ಧ ಡಾಲರಿನಷ್ಟಕ್ಕೆ, ಸರಿಯಾಗಿ ಹೇಳಬೇಕೆಂದರೆ 60 ಸೆಂಟಿಗೆ, ದರ ಏರಿಸಿದಾಗ ಒಯ್ಯುವವರು ನೂರಕ್ಕೆ ಅರವತ್ತು ಮಂದಿ ಕಡಿಮೆಯಾದರು. ಇನ್ನು, ದುಡ್ಡು ಕೊಟ್ಟು ಒಯ್ದವರು ಪುಕ್ಕಟೆ ಒಯ್ದವರಿಗಿಂತ ಹೆಚ್ಚು ಕಟ್ಟಿಕೊಂಡು ಮಲಗಿದರೇ? ಅದೂ ಇಲ್ಲ. ಈ ಲೆಕ್ಕ 2010ರಲ್ಲಿ ಪ್ರಕಟವಾಗಿದೆ. ಐದು ರೂಪಾಯಿ ಕೂಲಿಯವಳಿಗೆ ಭಾರ ಎನ್ನುವುದಕ್ಕಿಂತ, ಬಾರದ ರೋಗಕ್ಕೆ ಐದು ರೂಪಾಯಿ ಕೊಡಲು ಯಾರಿಗೂ ಕೈ ಬರುವುದಿಲ್ಲ. ನನಗೂ ಬರುವುದಿಲ್ಲ. ಡಾಕ್ಟರು ಹೇಳಿದ ನಡಿಗೆಯನ್ನು ನಾನು ನಾಳೆಯಿಂದ ಶುರು ಮಾಡುವವನಿದ್ದೇನೆ, ನಾಲ್ಕು ವರ್ಷದಿಂದ.

ರಾಜಸ್ಥಾನದ ಉದಯಪುರದಲ್ಲಿ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋದರು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಆ ತಂಡದಲ್ಲಿದ್ದರು. ಅಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು ನೂರಕ್ಕೆ ಆರು. ಕೆಲವು ಹಳ್ಳಿಗಳಲ್ಲಿ ತಪ್ಪದೆ ತಿಂಗಳ ಶಿಬಿರ ನಡೆಸಿದರು: ಹದಿನೆಂಟಕ್ಕೆ ಏರಿತು. ಇನ್ನು ಕೆಲವು ಹಳ್ಳಿಗಳಲ್ಲಿ ಶಿಬಿರದ ಜೊತೆಗೆ ಪ್ರತಿ ಲಸಿಕೆಗೆ ಒಂದು ಕಿಲೋ ಬೇಳೆ, ಎಲ್ಲ ಮುಗಿದರೆ ಊಟದ ತಟ್ಟೆಗಳು: ಮೂವತ್ತೊಂಬತ್ತಕ್ಕೆ ಏರಿತು. ಬೇಳೆ ಕೊಟ್ಟರೆ ಖರ್ಚು ಹೆಚ್ಚಾಗಬೇಕಲ್ಲ? ಒಂದು ಮಗುವಿಗೆ ಬಿದ್ದ ಖರ್ಚು ಸುಮಾರು ಅರ್ಧಕ್ಕೆ ಇಳಿಯಿತು. ಯಾಕೆಂದರೆ ಸಿಸ್ಟರ್ ಸಂಬಳ, ಗಾಡಿ, ಐಸ್ ಪೆಟ್ಟಿಗೆ, ಇವು ಐದು ಮಕ್ಕಳು ಬಂದರೂ ಅಷ್ಟೇ, ಐವತ್ತು ಬಂದರೂ ಅಷ್ಟೇ. ಬಸ್ಸು ಖಾಲಿ ಓಡಿದರೂ ಡೀಸೆಲ್ ಅಷ್ಟೇ ಕುಡಿಯುತ್ತದಲ್ಲ, ಹಾಗೆ. ಬೇಳೆಯ ಆಸೆ ತೋರಿಸಿ ಲಸಿಕೆ ಹಾಕುವುದು ಲಂಚವಾಗುವುದಿಲ್ಲವೇ ಎಂದು ಒಬ್ಬ ವಿದ್ಯಾರ್ಥಿ ಒಮ್ಮೆ ಕೇಳಿದ್ದ. ಅವ್ವ ಆ ದಿನದ ಕೂಲಿ ಬಿಟ್ಟು ಬಂದಿದ್ದಾಳೆ, ಅದನ್ನು ಯಾರು ತುಂಬಿಕೊಡುತ್ತಾರೆ ಎಂದು ತಿರುಗಿ ಕೇಳಿದೆ.

ಬಳ್ಳಾರಿಯ ಧೂಳಿನ ಬಗ್ಗೆ ಹೇಳದೆ ಹೋದರೆ ಸಂಡೂರಿನ ನನ್ನ ಬೀಗರು ಮನೆಗೆ ಸೇರಿಸುವುದಿಲ್ಲ. ಆರ್ಥರ್ ಪಿಗೂ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಕಾರ್ಖಾನೆಯ ಚಿಮಣಿಯ ಹೊಗೆಯನ್ನು ಉದಾಹರಣೆ ಕೊಟ್ಟು ನೂರು ವರ್ಷದ ಹಿಂದೆ ಹೇಳಿದ: ಲಾಭ ಮಾಲೀಕನ ಲೆಕ್ಕಕ್ಕೆ, ಹೊಗೆ ಊರವರ ಲೆಕ್ಕಕ್ಕೆ. ಅದಿರಿನ ಲಾರಿ ಹೋದಮೇಲೆ ಹತ್ತಿಯ ಮೇಲೆ, ಮೆಣಸಿನಕಾಯಿಯ ಮೇಲೆ, ಎದೆಗೂಡಿನೊಳಗೆ ಕೆಂಪಾಗಿ ಕೂತದ್ದು ಯಾವ ಟನ್ನಿನ ರೇಟಿನಲ್ಲೂ ಇರಲಿಲ್ಲ. ಗಣಿ ಬಾಧಿತ ಊರುಗಳಿಗೆಂದು ಜಿಲ್ಲಾ ಖನಿಜ ನಿಧಿ ಬಂದದ್ದು 2015ರ ಕಾಯಿದೆ ತಿದ್ದುಪಡಿಯ ಮೇಲೆ. ಕುಡಿಯುವ ನೀರು, ಆರೋಗ್ಯ ಇವೇ ಮೊದಲ ಸಾಲಿನ ಖರ್ಚು ಎಂದು ನಿಯಮ ಹೇಳುತ್ತದೆ. ಆ ನಿಧಿಯ ದುಡ್ಡು ನಿಮ್ಮ ಊರಲ್ಲಿ ಯಾವುದಕ್ಕೆ ಹೋಗಿದೆ ಎಂದು ಅಲ್ಲಿಯ ಹುಡುಗರು ಗ್ರಾಮಸಭೆಯಲ್ಲಿ ಕೇಳಬೇಕು. ಕಮಾನು ಕಟ್ಟಿದ್ದರೆ ಕಮಾನಿಗೆ ಕೆಮ್ಮು ಬರುವುದಿಲ್ಲ ಎಂದಾದರೂ ಹೇಳಬೇಕು.

ಇಷ್ಟು ಹೇಳಿ ನಾನು ಕೂರುವವನಿದ್ದೆ. ಪ್ರಶ್ನೆ ಇದ್ದರೆ ಕೇಳಿ ಎಂದು ನಿರೂಪಣೆಯ ಹುಡುಗಿ ಹೇಳಿದಳು. ಸಂತೆ ಚೀಲ ಕಾಲ ಹತ್ತಿರ ಇಟ್ಟುಕೊಂಡು ಕೂತಿದ್ದ ಒಬ್ಬ ಹಿರಿಯರು ಎದ್ದರು. ಬಿಳಿ ಪಟಗ, ಎಪ್ಪತ್ತೈದರ ಮೇಲಿನ ವಯಸ್ಸು. ಮೈಕು ಬೇಡ ಎಂದರು.

"ಸರ, ನೀವು ಅರಿವಿ ಸೋಸಿದ್ರು, ಅದಕ್ಕ ಹೋತು ಅಂದ್ರಿ. ನಮ್ಮೂರಾಗ ಅರಿವಿ ಯಾರೂ ಸೋಸಲಿಲ್ರಿ. ಬಾವಿ ಪಾವಟಗಿ ಕಿತ್ತಿದ್ದಕ್ಕ ಹೋತು."

ಪಾವಟಗಿ ಎಂದರೆ ಮೆಟ್ಟಿಲು. ಯಾರು ಕಿತ್ತರು ಎಂದು ಕೇಳಿದೆ.

"ನಾನಾ ಕಿತ್ತೇನ್ರಿ. ನಾವು ಆರು ಮಂದಿ. ಊರಾಗಿನ ಹೆಣ್ಮಕ್ಕಳು ಬೈದ್ರು, ಗಂಗವ್ವನ ಬಾವಿ ಕೆಡಸ್ತೀರಿ, ನಿಮ್ಮ ಕೈ ಸೇದಿ ಹೋಗ್ಲಿ ಅಂತ. ಬಲಗಾಲಾಗ ಹುಣ್ಣ ಇತ್ರಿ ನಂದು, ಕಡ್ಡಿ ಸುತ್ತಿದ್ದು ಹಂಗಾ ಇತ್ತು, ಅರಿವಿ ಕಟಗೊಂಡು ಕಲ್ಲು ಕಿತ್ತೇವಿ. ಒಂಬತ್ತು ದಿನ ಕೆಲಸ ಆತು."

"ಕೂಲಿ ಎಷ್ಟಿತ್ತು ಯಜಮಾನ್ರ?"

"ದಿನಕ್ಕ ಎಂಟು ರೂಪಾಯಿ. ಏಳು ದಿನದ್ದು ಕೊಟ್ರು." ಚೀಲ ಹೆಗಲಿಗೇರಿಸಿಕೊಂಡರು. "ಎರಡು ದಿನದ ಪಗಾರ ಇನ್ನೂ ಬರಬೇಕ್ರಿ."